ಹೂಂ ಅನ್ನದಿದ್ದರೆ ಕತೆ ನಿಲ್ಲುತ್ತದೆ

ನಮ್ಮ ಮೌಶಿಗೆ ಒಂದೇ ಒಂದು ಕತೆಯೂ ನೆಟ್ಟಗೆ ಬರುವುದಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಮುನವಳ್ಳಿಗೆ ಹೋಗಿ ಯಾರನ್ನು ಬೇಕಾದರೂ ಕೇಳಿ ನೋಡಿ! ಮೌಶಿ ಎಂದರೆ ನಮ್ಮ ಅವ್ವನ ತಂಗಿ. ಎಪ್ಪತ್ತರ ಹತ್ತಿರ ಬಂದಿದ್ದಾಳೆ, ಹಲ್ಲುಗಳೆಲ್ಲ ಗಟ್ಟಿ ಇವೆ, ಧ್ವನಿ ಹಲ್ಲುಗಳಿಗಿಂತ ಗಟ್ಟಿ ಇದೆ. ಮುನವಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಜೋಳದ ಹಿಟ್ಟು ಎಷ್ಟು ಸಣ್ಣಗೆ ಬೇಕೆಂದರೆ ಅಷ್ಟು ಸಣ್ಣಗೆ ಬೀಸಿ ಕೊಡುತ್ತಾಳೆ. ಕತೆಯನ್ನು ಮಾತ್ರ ತನಗೆ ಬೇಕಾದಷ್ಟು ಸಣ್ಣಗೆ ಬೀಸುತ್ತಾಳೆ.

ಕಾಗೆ ಗುಬ್ಬಿಯ ಕತೆ ಯಾರಿಗೆ ಗೊತ್ತಿಲ್ಲ? ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಕಲ್ಲಿನ ಮನೆ, ಮಳೆ ಬಂದು ಕಾಗೆಯ ಮನೆ ಕರಗಿ ಹೋಯಿತು, ಕಾಗೆ ಬಂದು ಗುಬ್ಬಿಯ ಬಾಗಿಲು ಬಡಿಯಿತು. ಇಲ್ಲಿಯವರೆಗೆ ಜಗತ್ತಿನ ಕತೆ ಮತ್ತು ಮೌಶಿಯ ಕತೆ ಒಂದೇ. ಮುಂದಿನದು ಗಿರಣಿಯಲ್ಲಿ ಡಬ್ಬಿ ಸಾಲಾಗಿಟ್ಟು ಪಾಳಿ ಹಚ್ಚಿ ಯಾರು ಕೂತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಸೊಸೆಯನ್ನು ಗೋಳು ಹೊಯ್ದುಕೊಳ್ಳುವ ಅತ್ತೆ ಬಂದಿದ್ದರೆ, ಬಾಗಿಲು ತೆರೆಯದ ಗುಬ್ಬಿಗೆ ಮುಪ್ಪಿನಲ್ಲಿ ಕಣ್ಣು ಮಂಜಾಗಿ ಕಾಗೆಯೇ ಕಾಳು ತಿನ್ನಿಸಬೇಕಾಗುತ್ತದೆ. ಗೋಡೆಗಾಗಿ ಜಗಳ ತೆಗೆದ ಅಣ್ಣತಮ್ಮಂದಿರು ಬಂದಿದ್ದರೆ, ಕಾಗೆ ಗುಬ್ಬಿ ಎರಡೂ ಸೇರಿ ಒಂದೇ ಗೋಡೆಗೆ ಎರಡು ಮನೆ ಕಟ್ಟುತ್ತವೆ. ಹಿಟ್ಟು ಒಯ್ಯಲು ಬಂದವರು ಬುದ್ಧಿಯನ್ನೂ ಹೊತ್ತುಕೊಂಡು ಹೋಗುತ್ತಾರೆ.

ಒಮ್ಮೆ ಒಬ್ಬ ಹೆಂಗಸು ಪಾಳಿ ಮುರಿದು ತನ್ನ ಡಬ್ಬಿಯನ್ನು ಎಲ್ಲರಿಗಿಂತ ಮುಂದೆ ತಂದಿಟ್ಟಳು. "ನಂದು ಒಂದ ಡಬ್ಬಿ ಐತ್ರಿ, ಲಗೂ ಹಾಕಿ ಕೊಡ್ರಿ" ಎಂದಳು. ಮೌಶಿ ಇಲ್ಲ ಅನ್ನಲಿಲ್ಲ. "ಒಂದ ಊರಾಗ ಒಂದ ನರಿ ಇತ್ತು. ಅದಕ್ಕ ಯಾವಾಗ ನೋಡಿದ್ರೂ ಅವಸರ. ಹುಟ್ಟುವಾಗೂ ಅವಸರ ಮಾಡಿ ಬಾಲಾ ಬಿಟ್ಟ ಬಂದಿತ್ತು" ಎಂದು ಶುರು ಮಾಡಿದಳು. ಕತೆ ನರಿಯ ಮದುವೆಯವರೆಗೆ ಹೋಗುವುದರೊಳಗೆ ಡಬ್ಬಿ ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಸರಿದು ಪಾಳಿಯ ಕೊನೆಗೆ ಹೋಗಿ ಕೂತಿತ್ತು.

ಮೌಶಿಯದು ಒಂದೇ ಕಾಯಿದೆ. ಕತೆ ಕೇಳುವವರು ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು. ನಮ್ಮ ಕಡೆ ಎಲ್ಲ ಅಜ್ಜಿಯರೂ ಮಕ್ಕಳಿಂದ ಹೂಂ ಅನ್ನಿಸಿಕೊಳ್ಳುತ್ತಾರೆ, ಅದರಲ್ಲಿ ಹೊಸದೇನಿದೆ ಎಂದು ನೀವು ಕೇಳಬಹುದು. ಹೊಸದೆಂದರೆ ಗಿರಣಿ. ಮೋಟಾರಿನ ಪಟ್ಟಾ ತಿರುಗತೊಡಗಿತೆಂದರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳುವುದಿಲ್ಲ. ಅಂಥಲ್ಲಿ ನಿಮ್ಮ ಹೂಂ ಮೌಶಿಗೆ ಕೇಳಬೇಕೆಂದರೆ ನಾಭಿಯಿಂದಲೇ ತರಬೇಕು. ಕೇಳದಿದ್ದರೆ ಅವಳು ಕಿವಿಗೆ ಕೈ ಹಚ್ಚಿ, "ಏನೂ ಕೇಳಸಲಿಲ್ಲ. ಇನ್ನೊಮ್ಮೆ ಅನ್ನು" ಎನ್ನುತ್ತಾಳೆ.

ಈ ಕಾಯಿದೆ ಮನೆತನದಿಂದ ಬಂದದ್ದು. ನಮ್ಮ ಅಜ್ಜ ಪುರಾಣ ಹೇಳುವವರು. ಅವರ ಎದುರು ಕೂತು ಹೂಂ ಅನ್ನುವ ಕೆಲಸ ಎಂಟು ವರ್ಷದ ಮೌಶಿಯದು. ಒಂದು ಸಲ ಅವಳಿಗೆ ತೂಕಡಿಕೆ ಬಂದುಬಿಟ್ಟಿತಂತೆ. ಸಮುದ್ರ ಹಾರಲು ಹೊರಟವರು ಕಾಲು ಗಂಟೆ ಗಾಳಿಯಲ್ಲೇ ನಿಂತರಂತೆ. ಮುಂದೆ ಅಜ್ಜನ ಕಣ್ಣು ಹೋದವು, ಪುರಾಣ ಕೇಳುವವರು ಕಡಿಮೆಯಾದರು. ರೊಟ್ಟಿ ತಿನ್ನುವವರು ಕಡಿಮೆಯಾಗಿರಲಿಲ್ಲ. ಮೌಶಿ ಮದುವೆಯ ಮಾತನ್ನು ಬದಿಗಿಟ್ಟು ಗಿರಣಿ ಹಾಕಿದಳು. ಪುರಾಣಿಕರ ಮಗಳು ಹಿಟ್ಟು ಬೀಸುತ್ತಾಳೆಂದು ಊರಲ್ಲಿ ಬಹಳ ಮಂದಿ ನಕ್ಕರು. ಯಾರು ಯಾರು ನಕ್ಕರೆಂದು ಈಗ ಹೇಳಲು ಹೋಗುವುದಿಲ್ಲ.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನನಗೆ ಬೈಲಹೊಂಗಲದಿಂದ ಸವದತ್ತಿಗೆ ವರ್ಗವಾಯಿತು. ನಾನು ಶಿಕ್ಷಕಿ. ನಾಲ್ಕನೇ ಇಯತ್ತೆಯ ಪಲ್ಲವಿಯನ್ನು ಮನೆಯಿಂದ ದೂರದ ಇನ್ನೊಂದು ಶಾಲೆಗೆ ಹಾಕಿದೆವು. ಹೋಗಿ ಬರಲು ಒಂದು ಟಂಟಂ ರಿಕ್ಷಾ ಗೊತ್ತು ಮಾಡಿದೆವು. ಬೈಲಹೊಂಗಲದಲ್ಲಿ ಬಾಯಿ ಮುಚ್ಚೆಂದರೂ ಮುಚ್ಚದ ಹುಡುಗಿ ಇಲ್ಲಿ ಬಂದ ಎರಡು ತಿಂಗಳಿಗೆ ಮೌನಗೌರಿಯಾದಳು. ಶಾಲೆಯ ದಿನ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಆರಾಮ. ಹೊಟ್ಟೆನೋವಿಗೆ ಪಂಚಾಂಗ ಗೊತ್ತಿರುತ್ತದೆಯೇ?

ಕೊನೆಗೆ ಟಂಟಂನವನಿಂದ ತಿಳಿದದ್ದಿಷ್ಟು. ಟಂಟಂನಲ್ಲಿ ಆರನೇ ಇಯತ್ತೆಯ ಶಿಲ್ಪಾ ಎಂಬ ಹುಡುಗಿಯದೇ ರಾಜ್ಯ. ಅವಳ ಆಚೆ ಒಬ್ಬ ಗೆಳತಿ, ಈಚೆ ಒಬ್ಬ ಗೆಳತಿ. ಹೊಸಬಳೆಂದು ಪಲ್ಲವಿಯನ್ನು ಹಿಂದಿನ ಹಲಗೆಯ ಮೇಲೆ ಕೂರಿಸಿ, ಎಲ್ಲರ ಚೀಲಗಳನ್ನೂ ಅವಳ ತೊಡೆಯ ಮೇಲೆ ಹೇರಿ, "ಹಮಾಲಿ, ಹಮಾಲಿ" ಎಂದು ಕರೆಯುವುದು. ಐದು ಚೀಲಗಳ ಹಿಂದೆ ನನ್ನ ಮಗಳ ಮುಖವೂ ಕಾಣುತ್ತಿರಲಿಲ್ಲವಂತೆ. ಕೇಳಿ ನನಗೆ ಊಟ ಸೇರಲಿಲ್ಲ.

ಬಿ.ಎಡ್.ನಲ್ಲಿ ಮಕ್ಕಳ ಮನೋವಿಜ್ಞಾನಕ್ಕೆ ಇಡೀ ವರ್ಗದಲ್ಲಿ ನಾನೇ ಮೊದಲಿಗಳು. ಆ ಜಂಬದಿಂದ ಮಗಳನ್ನು ಎದುರಿಗೆ ಕೂರಿಸಿಕೊಂಡು, ಧ್ವನಿ ಮೆತ್ತಗೆ ಮಾಡಿ, "ನಿನ್ನ ಭಾವನೆಗಳನ್ನು ನನ್ನ ಜೊತೆ ಹಂಚಿಕೊ" ಎಂದೆ. ಅವಳು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿ, "ಅಮ್ಮಾ, ನಿನಗ ಆರಾಮ ಇಲ್ಲೇನು?" ಎಂದಳು. ಅಲ್ಲಿಗೆ ನನ್ನ ವಿಜ್ಞಾನ ಮುಗಿಯಿತು. ಆಮೇಲೆ ನಮ್ಮ ಯಜಮಾನರು ಶಿಲ್ಪಾಳ ಅಪ್ಪನನ್ನು ಕಂಡು ಬಂದರು. ಮರುದಿನ ಪಲ್ಲವಿಯ ತೊಡೆಯ ಮೇಲೆ ಆರನೆಯ ಚೀಲ ಬಂತು, ಮನೆಯಲ್ಲಿ ಹೇಳಿದಳೆಂದು. ಶಾಲೆಯವರು, "ಹುಡುಗ್ರಂದ್ರ ಇವೆಲ್ಲಾ ನಡೀತಿರ್ತಾವ್ರಿ, ನೀವೂ ಟೀಚರ್ ಇದ್ದೀರಿ, ನಿಮಗ ಗೊತ್ತಿಲ್ಲೇನು?" ಎಂದು ಚಹಾ ಕುಡಿಸಿ ಕಳಿಸಿದರು. ಒಂದು ದಿನ ಪಲ್ಲವಿ ತಾನು ಇನ್ನು ಶಾಲೆಗೇ ಹೋಗುವುದಿಲ್ಲವೆಂದು ಕಂಬ ಹಿಡಿದು ಕೂತಳು. ಬಿಡಿಸಿ ತೆಗೆಯಲು ನನ್ನಿಂದಾಗಲಿಲ್ಲ, ಬಿಡಿಸುವ ಮನಸ್ಸೂ ಆಗಲಿಲ್ಲ.

ಆ ಶನಿವಾರ ಏನೂ ತೋಚದೆ ಅವಳನ್ನು ಕರೆದುಕೊಂಡು ಮುನವಳ್ಳಿಯ ಬಸ್ಸು ಹತ್ತಿದೆ. ಗಿರಣಿಯ ಬಾಗಿಲಲ್ಲೇ ಮೌಶಿಯನ್ನು ಮೂಲೆಗೆ ಕರೆದು ಗುಟ್ಟಿನಲ್ಲಿ ಎಲ್ಲ ಹೇಳಿದೆ. ಗಿರಣಿಯ ಸದ್ದಿನಲ್ಲಿ ಗುಟ್ಟು ಹೇಳುವುದೆಂದರೆ ಏನೆಂದು ಗೊತ್ತಲ್ಲ? ಪಾಳಿಯಲ್ಲಿದ್ದ ಎಂಟು ಮಂದಿಗೂ ತಿಳಿಯಿತು. ಮೌಶಿ ಹಿಟ್ಟಿನ ಕೈಯಿಂದಲೇ ಪಲ್ಲವಿಯ ಗಲ್ಲ ಹಿಡಿದು, ಜೋಳದ ಚೀಲದ ಮೇಲೆ ಕೂರಿಸಿ, ಕೈಗೆ ಹುರಿದ ಶೇಂಗಾ ಕೊಟ್ಟಳು. "ಒಂದ ರಾಕ್ಷಸ ಇತ್ತು" ಎಂದಳು.

ಪಲ್ಲವಿ ತುಟಿ ಅಲುಗಿಸಿದಳು.

"ಏನೂ ಕೇಳಸಲಿಲ್ಲ. ಇನ್ನೊಮ್ಮೆ ಅನ್ನು."

"ಹೂಂ."

"ಗಿರಣಿ ಅಂತು. ನೀ ಏನಂದಿ?"

ಹೀಗೆ ರಾಕ್ಷಸ ಬಾಗಿಲಲ್ಲೇ ಹತ್ತು ನಿಮಿಷ ನಿಂತಿತು. ಪಾಳಿಯಲ್ಲಿದ್ದ ಮುದುಕರೊಬ್ಬರು ತಾಳ್ಮೆಗೆಟ್ಟು, "ತಂಗೀ, ಜೋರಾಗಿ ಹೂಂ ಅಂದಬಿಡವಾ, ನಾನೂ ಮನಿಗೆ ಹೋಗಬೇಕು" ಎಂದರು. ಪಲ್ಲವಿ ಕಣ್ಣು ಮುಚ್ಚಿ ಒಂದು ಹೂಂ ಅಂದಳು. ಹೊರಗೆ ಮಲಗಿದ್ದ ನಾಯಿ ಎದ್ದು ಕೂತಿತು. ಕತೆ ಹೊರಟಿತು.

ರಾಕ್ಷಸನ ಜೀವ ಏಳು ಸಮುದ್ರದಾಚೆ ಒಂದು ಗಿಳಿಯಲ್ಲಿರುತ್ತದೆ, ರಾಜಕುಮಾರ ಹೋಗಿ ಅದರ ಗೋಣು ಮುರಿಯುತ್ತಾನೆ. ನಮಗೆಲ್ಲ ಗೊತ್ತಿರುವುದು ಇದು. ಮೌಶಿಯ ಕತೆಯಲ್ಲಿ ಜೀವ ಇದ್ದದ್ದು ನವಿಲುತೀರ್ಥದ ಹಿನ್ನೀರಿನ ಆಚೆ, ಒಂದು ಹುಣಸೆಮರದ ಮೇಲೆ. ಗಿಳಿಗಳು ಎರಡು. ಹೋದದ್ದು ರಾಜಕುಮಾರಿ.

"ಎರಡ ಯಾಕ ಮೌಶಿ? ಒಂದ ಇರ್ತದಲ್ಲಾ?" ಎಂದೆ ನಾನು.

"ಟೀಚರಬಾಯಿ, ಹೂಂ ಅನ್ನೂದಿದ್ರ ಅನ್ನು, ನಡುವ ಬಾಯಿ ಹಾಕಬ್ಯಾಡ" ಎಂದು ಅವಳು ಮುಂದುವರಿಸಿದಳು. "ರಾಕ್ಷಸ ಮಂದಿ ತಲಿ ಮ್ಯಾಲೆ ಗಂಟು ಹೊರಿಸಿ ಏನರ ಅಂತಿತ್ತು, ಅಂದ ಮ್ಯಾಲೆ ಗಿಳಿ ಕಡೆ ನೋಡ್ತಿತ್ತು. ಗಿಳಿ ಎರಡೂ ಹ್ಹಿಹ್ಹಿ ಅಂತಿದ್ವು. ಅವು ನಕ್ಕಾಗೊಮ್ಮೆ ರಾಕ್ಷಸ ಒಂದೊಂದ ಗೇಣ ಬೆಳೀತಿತ್ತು."

"ಹೂಂ. ಗೋಣು ಮುರದಳೇನು?"

"ಯಾಕ ಮುರೀತಾಳ? ಅವೇನ ಮಾಡ್ಯಾವ ಪಾಪ, ಅಂಜಿ ನಗತಾವ. ನಗದಿದ್ರ ನಾಳೆ ಗಂಟು ತಮ್ಮ ತಲಿ ಮ್ಯಾಲೆ ಬರ್ತದಂತ. ರಾಜಕುಮಾರಿ ಉಡಿಯೊಳಗ ಶೇಂಗಾ ಒಯ್ದಿದ್ಲು. ಗಿಳಿಗೆ ಶೇಂಗಾ ಹಾಕಿ ಒಂದ ಕತಿ ಶುರು ಮಾಡಿದ್ಲು. ಗಿಳಿ ಹೂಂ ಅನಕೋತ ಅನಕೋತ ನಗೂದ ಮರತಬಿಟ್ವು."

"ಹೂಂ. ರಾಕ್ಷಸಗ ಏನಾತು?"

"ಸಣ್ಣದಾಗಿ, ಸಣ್ಣದಾಗಿ, ನಿನ್ನಷ್ಟ ಆತು. ಆಮ್ಯಾಲೆ ಅದೂ ಬಂದು ಶೇಂಗಾ ಕೇಳ್ತು."

ಪಲ್ಲವಿ ಕೈಯಲ್ಲಿದ್ದ ಶೇಂಗಾದ ಸಿಪ್ಪೆ ತಿಕ್ಕಿದಳು. ನಂತರ ತಾನಾಗಿಯೇ, ಗಿರಣಿಗೆ ಕೇಳುವಷ್ಟು ಜೋರಾಗಿ, "ಶಿಲ್ಪಾನೂ ಹಮಾಲಿ ಅಂದ ಮ್ಯಾಲೆ ಆ ಕಡೆ ಈ ಕಡೆ ನೋಡ್ತಾಳ" ಎಂದಳು. ಇಷ್ಟು ದಿನಗಳಲ್ಲಿ ಅವಳು ಆ ಟಂಟಂ ಬಗ್ಗೆ ತಾನಾಗಿ ಆಡಿದ ಮೊದಲ ಮಾತು ಅದು. ನಾನು ಅವಳ ಹತ್ತಿರಕ್ಕೆ ಸರಿದು ಕೂತೆ. ಮೌಶಿ ಮಾತ್ರ ಏನೂ ಆಗಿಲ್ಲದವಳಂತೆ ಮುಂದಿನ ಡಬ್ಬಿ ಸುರುವಿದಳು.

ಸೋಮವಾರ ಪಲ್ಲವಿ ಕಂಬ ಹಿಡಿಯಲಿಲ್ಲ. ಜೇಬಿನ ತುಂಬ ಶೇಂಗಾ ಹಾಕಿಕೊಂಡು ಹೋದಳು. ಸಂಜೆ ಟಂಟಂನವನೇ ಬಾಗಿಲಿಗೆ ಬಂದು, "ಅಕ್ಕಾರ, ನಿಮ್ಮ ಹುಡುಗಿ ಗಂಟಲೊಳಗ ಏನ ಐತ್ರಿ?" ಎಂದು ಕೇಳಿದ. ನಡೆದದ್ದೇನೆಂದರೆ, ಮೊದಲನೆಯ ಚೀಲ ತೊಡೆಯ ಮೇಲೆ ಬಂದ ಕೂಡಲೇ ಪಲ್ಲವಿ "ಒಲ್ಲೆ" ಅಂದಿದ್ದಳು, ಗಿರಣಿಯ ಅಳತೆಯಲ್ಲಿ. ಎಮ್ಮೆಯೋ ಲಾರಿಯೋ ಅಡ್ಡ ಬಂತೆಂದು ಅವನು ಬ್ರೇಕ್ ಹಾಕಿ, ಕೆಳಗಿಳಿದು ಗಾಲಿಗಳ ನಡುವೆ ಬಗ್ಗಿ ನೋಡಿದ್ದ. ಅದನ್ನು ನೋಡಿ ಇಡೀ ಟಂಟಂ ನಕ್ಕಿತು. ಆ ಸಲ ಪಲ್ಲವಿಯನ್ನು ನೋಡಿ ನಕ್ಕವರು ಯಾರೂ ಇರಲಿಲ್ಲ.

ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತೆಂದರೆ ನೀವು ನಂಬುವುದೂ ಬೇಡ. ಮಂಗಳವಾರ ಎರಡು ಚೀಲ ಮತ್ತೆ ಬಂದವು. ಬುಧವಾರ ಶೇಂಗಾ ಕಸಿದುಕೊಂಡರು. ಗುರುವಾರ ಈಚೆಯ ಗೆಳತಿ ಕಸಿದುಕೊಳ್ಳುವ ಬದಲು ಕೇಳಿ ತಿಂದಳು. ಶುಕ್ರವಾರ ಪಲ್ಲವಿ ಮೌಶಿಯ ಕತೆ ತೆಗೆದಳು, ನರಿ ಬಾಲ ಬಿಟ್ಟು ಹುಟ್ಟುವಷ್ಟರಲ್ಲಿ ಇಬ್ಬರು ಗೆಳತಿಯರೂ ಹೂಂ ಅನ್ನುತ್ತಿದ್ದರು. ಮರುವಾರ ಅವರವರ ಚೀಲ ಅವರವರ ತೊಡೆಯ ಮೇಲಿತ್ತು. ಒಂದು ಸಂಜೆ ಪಲ್ಲವಿ ಬೂಟು ಬಿಚ್ಚುತ್ತಾ, "ಶಿಲ್ಪಾ ಇವತ್ತ ಆಮ್ಯಾಲೆ ಏನಾತು ಅಂತ ಕೇಳಿದ್ಲಮ್ಮಾ" ಎಂದಳು.

"ನೀ ಏನಂದಿ?"

"ಹೂಂ ಅಂದ್ರ ಹೇಳತೇನಿ ಅಂದೆ. ಅಂದ್ಲು."

ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಒಂದು ತಂಬಿಗೆ ನೀರು ಕುಡಿದೆ. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಚೀಲವನ್ನು ಯಾರೋ ಇಳಿಸಿದ ಹಾಗಾಯಿತು. ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ಈ ಸುದ್ದಿ ಹೇಳಲೆಂದೇ ಮತ್ತೊಂದು ಶನಿವಾರ ಮುನವಳ್ಳಿಗೆ ಹೋದೆವು. ಮೌಶಿ ಎಲ್ಲ ಕೇಳಿ, "ಹಂಗಾರ ನನ್ನ ನರಿ ಸವದತ್ತಿಗೂ ಹೋತು" ಎಂದಷ್ಟೇ ಅಂದು ನಮ್ಮ ಜೋಳ ಹಾಕಿದಳು. ಅರ್ಧ ಬೀಸುವಷ್ಟರಲ್ಲಿ ಕರೆಂಟ್ ಹೋಯಿತು. ಪಟ್ಟಾ ನಿಂತಿತು. ಆ ನಿಶ್ಶಬ್ದದಲ್ಲಿ ಪಲ್ಲವಿ ಕೇಳಿದಳು, "ಮೌಶಿ ಅಜ್ಜಿ, ನಿನಗ ಯಾರೂ ಕಾಡಿಸಿಲ್ಲೇನು?"

ಮೌಶಿ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು ಚೀಲದ ಮೇಲೆ ಕೂತಳು. ಅವಳಿಗೆ ಮೆತ್ತಗೆ ಮಾತಾಡಲು ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು.

"ಒಂದ ಊರಾಗ ಒಬ್ಬಾಕಿ ಗಿರಣಿಯಾಕಿ ಇದ್ಲು."

"ಹೂಂ."

"ಹೊಸದಾಗಿ ಗಿರಣಿ ಹಾಕಿದ್ಲು. ಸಂಜಿ ಅನ್ನೂದರಾಗ ಮೈತುಂಬ ಹಿಟ್ಟು, ಕಣ್ಣರೆಪ್ಪಿ ಮ್ಯಾಲೂ ಹಿಟ್ಟು. ಸಾಲಿ ಬಿಟ್ಟ ಮ್ಯಾಲೆ ಐದಾರು ಹುಡುಗ್ಯಾರು ಬಾಗಲದಾಗ ನಿಂತು, ಹಿಟ್ಟಿನ ದೆವ್ವ, ಹಿಟ್ಟಿನ ದೆವ್ವ ಅಂತ ಒದರತಿದ್ರು."

"ಹೂಂ."

ನಾನು ನಮ್ಮ ಚೀಲದ ಬಾಯಿ ಕಟ್ಟತೊಡಗಿದೆ. ಅದರೊಳಗೆ ಇನ್ನೂ ಅರ್ಧ ಹಿಟ್ಟು ಬೀಳುವುದಿತ್ತು.

"ಅವರಾಗ ಗಿರಣಿಯಾಕಿ ಅಕ್ಕನ ಮಗಳೂ ಇದ್ಲು. ಎರಡ ಹೆರಳು, ಕೆಂಪ ರಿಬ್ಬನ್ನು. ಎಲ್ಲಾರೂ ನಕ್ಕರು. ಅಕಿ ಒಬ್ಬಾಕಿ ನಗಲಿಲ್ಲ. ನಿಂತು, ಮೌಶೀ ಅಂತ ಕರದಳು. ಅಷ್ಟಕ್ಕ ಗಿರಣಿಯಾಕಿಗೆ ಮರುದಿನ ಬಾಗಲಾ ತಗೀಲಿಕ್ಕೆ ಧೈರ್ಯ ಬಂತು."

ನಾನು ನಾಲ್ಕನೆಯ ಇಯತ್ತೆಯವರೆಗೆ ಮುನವಳ್ಳಿಯಲ್ಲೇ ಕಲಿತವಳು. ಆ ಕೆಂಪು ರಿಬ್ಬನ್ನು ಆ ದಿನ ಬೆಳಿಗ್ಗೆ ಕಟ್ಟಿದ್ದು ಮೌಶಿಯೇ. ಸಂಜೆ ಬಾಗಿಲಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅವಳು ನನ್ನನ್ನು ನೋಡಿದ್ದಳು, ನಾನೂ ಅವಳನ್ನು ನೋಡಿದ್ದೆ. ನಲವತ್ತು ವರ್ಷ ಇಬ್ಬರೂ ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ.

"ಮೌಶಿ, ಅದು ಹಂಗ ಆಗಲಿಲ್ಲ" ಎಂದೆ. "ನಾನೂ ನಕ್ಕಿದ್ದೆ."

"ಕತಿ ಯಾರದು?"

"ನಿಂದು."

"ಮತ್ತ? ಹೂಂ ಅಂತೀಯೋ, ಇಲ್ಲೇ ನಿಲ್ಲಸಲ್ಯೋ?"

ಪಲ್ಲವಿ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು. ನಾನು ಹೂಂ ಅಂದೆ. ಪಟ್ಟಾ ನಿಂತೇ ಇತ್ತು, ಗಿರಣಿಯಲ್ಲಿ ಎಲ್ಲಿಯೂ ಒಂದು ಸದ್ದಿರಲಿಲ್ಲ. ಆದರೂ ಮೌಶಿ ಕಿವಿಗೆ ಕೈ ಹಚ್ಚಿ, "ಏನೂ ಕೇಳಸಲಿಲ್ಲ. ಇನ್ನೊಮ್ಮೆ ಅನ್ನು" ಎಂದಳು.