ಮಾವನ ಬಾಯಿಕುಕ್ಕೆಗಳು

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದು ದಿನವೂ ಗೊರಕೆ ಹೊಡೆದವನಲ್ಲ. ಇದು ನನ್ನ ಮಾತಲ್ಲ, ಅವನದೇ ಹೇಳಿಕೆ. "ನಾನು ಗೊರಕೆ ಹೊಡೆಯೋದನ್ನ ನಾನು ಕೇಳೇ ಇಲ್ಲ. ಮೂಗು ನಂದು, ಕಿವಿ ನಂದು, ಮಧ್ಯೆ ನಿಮ್ಮದೇನು ಸಾಕ್ಷಿ?" ಎನ್ನುತ್ತಿದ್ದ. ಸಾಕ್ಷಿ ಹೇಳಲು ತುಮಕೂರಿನ ಮರಳೂರಿನಲ್ಲಿ ಅವನಿದ್ದ ಇಡೀ ಬೀದಿ ತಯಾರಾಗಿತ್ತು, ಅದು ಬೇರೆ ವಿಷಯ.

ಈಗ ಕಾಲ ಎಷ್ಟು ಬದಲಾಗಿದೆ ನೋಡಿ. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮೂಗಿಗೆ ಹಾಕಿಕೊಳ್ಳುವ ಮಾಸ್ಕು, ಅದಕ್ಕೊಂದು ಮಿಷನ್ನು ಎಲ್ಲಾ ಬಂದಿದೆ. ಮೊನ್ನೆ ನಮ್ಮ ಯಜಮಾನರ ಸ್ನೇಹಿತರೊಬ್ಬರು ಮನೆಗೆ ಬಂದು, ಯಾವ ಮಾಸ್ಕು ಎಷ್ಟು ಸದ್ದು ಮಾಡುತ್ತದೆ ಎಂದು ಕಾಫಿ ಆರಿಹೋಗುವ ತನಕ ವಿವರಿಸಿದರು. ನನಗೆ ಒಳಗೊಳಗೇ ನಗು. ಈ ಸಂಶೋಧನೆಯನ್ನು ನಮ್ಮ ಮಾವ ಎಂಬತ್ತರ ದಶಕದ ಶುರುವಿನಲ್ಲೇ ಮಾಡಿ ಮುಗಿಸಿದ್ದ! ಸದ್ದು ಅಳೆಯುವ ಉಪಕರಣ ಯಾವುದು ಅಂತೀರಾ? ನಾನೇ.

ನಾನು ಕುಣಿಗಲ್ ಕಡೆಯ ಕೊತ್ತಗೆರೆಯವಳು. ಕಾಲೇಜಿಗೆಂದು ತುಮಕೂರಿಗೆ ಬಂದು ಮಾವನ ಮನೆ ಸೇರಿಕೊಂಡೆ. ಮಕ್ಕಳಿಲ್ಲದ ಮನೆ, ಮಾವ ಅತ್ತೆ ಇಬ್ಬರೇ. ಮನೆ ಅಂದರೂ ಅರ್ಧ ಮನೆ. ಉಳಿದರ್ಧದಲ್ಲಿ ಓನರು, ಕೊಬ್ಬರಿ ಮಂಡಿ ಇಟ್ಟಿದ್ದವರು. ನಡುವೆ ಒಂದೇ ಗೋಡೆ. ಆದರೂ ಅತ್ತೆಗೆ ಆ ಮನೆಯೆಂದರೆ ಪ್ರಾಣ, ಯಾಕೆಂದರೆ ಅಡುಗೆಮನೆಯೊಳಗೇ ನಲ್ಲಿ ಇತ್ತು. ಮದುವೆಯಾದಾಗಿನಿಂದ ಈ ಮನೆಗೆ ಬರುವ ತನಕ ಬೀದಿಯ ಬೋರ್‌ವೆಲ್ಲಿನಿಂದ ನೀರು ಹೊತ್ತು ಸೊಂಟ ಕಳೆದುಕೊಂಡಿದ್ದ ಅತ್ತೆ, ಶುಕ್ರವಾರ ದೇವರಿಗೆ ಇಟ್ಟ ಮೇಲೆ ಆ ನಲ್ಲಿಗೂ ಒಂದು ಬೊಟ್ಟು ಕುಂಕುಮ ಇಡುತ್ತಿದ್ದಳು.

ಮಾವನ ಗೊರಕೆ ಎಲ್ಲರ ಗೊರಕೆಯಂಥದಲ್ಲ. ಹಿಟ್ಟಿನ ಗಿರಣಿಯ ಹಾಗೆ ಏರುತ್ತಾ ಏರುತ್ತಾ ಹೋಗಿ ಥಟ್ಟನೆ ನಿಂತುಬಿಡುತ್ತಿತ್ತು. ಸದ್ದೂ ಇಲ್ಲ, ಉಸಿರೂ ಇಲ್ಲ. ಗೋಡೆಯಾಚೆ ಓನರು "ಸದ್ಯ" ಎಂದು ಮಗ್ಗುಲು ಬದಲಿಸುವಷ್ಟರಲ್ಲಿ, ಕೆರೆಯಲ್ಲಿ ಮುಳುಗಿದವನು ಮೇಲೆ ಬಂದ ಹಾಗೆ "ಘರ್ರಕ್" ಎಂದು ಮತ್ತೆ ಶುರು. ನನಗಂತೂ ಗೊರಕೆಗಿಂತ ಆ ನಿಲುಗಡೆಯದೇ ಹಿಂಸೆ. ಈಗ ಬಂತು, ಇನ್ನೇನು ಬಂತು ಎಂದು ಕಾಯುತ್ತಾ ಕೈಕಾಲೆಲ್ಲ ಜುಮುಜುಮು. ಏಳುವುದು, ನೀರು ಕುಡಿಯುವುದು, ದಿಂಬು ತಿರುಗಿಸುವುದು, ಮತ್ತೆ ಏಳುವುದು. ಆ ವರ್ಷ ನಾನು ನಿದ್ದೆ ಅಂತ ಮಾಡಿದ್ದೆಲ್ಲಾ ಕ್ಲಾಸಿನಲ್ಲೇ.

ಒಂದು ದಿನ ಓನರು ಬಾಗಿಲಿಗೇ ಬಂದರು. "ಸಾರ್, ಬೇಜಾರ್ ಮಾಡ್ಕೋಬೇಡಿ. ನಂಗೆ ಬಿಪಿ ಬಂದೈತೆ. ಒಂದ್ ತಿಂಗಳು ಟೈಮ್ ಕೊಡ್ತೀನಿ. ಸದ್ದಾದ್ರೂ ನಿಲ್ಲಿಸಿ, ಇಲ್ಲಾ ಮನೆ ಆದ್ರೂ ಖಾಲಿ ಮಾಡಿ," ಎಂದರು.

ಅತ್ತೆ ಅಡುಗೆಮನೆಯ ನಲ್ಲಿ ಕಡೆ ನೋಡಿದಳು. ಮಾವ ಅತ್ತೆಯ ಮುಖ ನೋಡಿದ. "ಸ್ವಲ್ಪ ಗೊರಕೆ ಇದ್ರೂ ಇರಬಹುದು," ಎಂದು ಮೊದಲ ಸಲ ಒಪ್ಪಿಕೊಂಡ.

ಮಾವ ತೂಕ-ಅಳತೆ ಆಫೀಸಿನಲ್ಲಿ ಗುಮಾಸ್ತ. ಅಳೆಯದೆ ಏನನ್ನೂ ನಂಬುವವನಲ್ಲ. ಪಡವಲಕಾಯಿ ತಂದರೂ ಗೇಣು ಹಾಕಿ ನೋಡಿಯೇ ಅತ್ತೆಯ ಕೈಗೆ ಕೊಡುವವನು. ಗೊರಕೆಗೂ ಒಂದು ಅಳತೆ ಕಂಡುಹಿಡಿದ. ಭಾನುವಾರ ಮಧ್ಯಾಹ್ನ ಮುದ್ದೆ ಊಟ ಮಾಡಿ ಅವನು ನಡುಮನೆಯಲ್ಲಿ ಮಲಗುವುದು, ಗೊರಕೆ ಹತ್ತಿದ ಮೇಲೆ ನಾನು ಬೀದಿಯಲ್ಲಿ ನಡೆಯುತ್ತಾ ಹೋಗುವುದು, ಎಲ್ಲಿ ಸದ್ದು ಕೇಳದಾಯಿತೋ ಅಲ್ಲಿ ನಿಲ್ಲುವುದು. ಮುಖಕ್ಕೆ ಏನೂ ಕಟ್ಟಿಕೊಳ್ಳದೆ ಮಲಗಿದ ದಿನ ನಾನು ಬೀದಿ ಕೊನೆಯ ಸೋಡಾ ಅಂಗಡಿ ತನಕ ಹೋದೆ. ಅಂಗಡಿಯವನು ಕಿವಿಗೊಟ್ಟು, "ಏನಮ್ಮಾ, ಇವತ್ತು ನಿಮ್ಮ ಮಾವಂದು ಊಟ ಬೇಗ ಆಯ್ತಾ?" ಎಂದು ಕೇಳಿದ.

ಮೊದಲ ಪ್ರಯೋಗ ಹಳೇ ಪಂಚೆಯದು. ಬಾಯಿ ತೆರೆದರೆ ತಾನೇ ಗೊರಕೆ? ಪಂಚೆಯ ಅಂಚು ಹರಿದು ಗಲ್ಲದಿಂದ ನೆತ್ತಿಗೆ ಬಿಗಿದು ಗಂಟು ಹಾಕಿಕೊಂಡು, ಕಾಲು ನೀಡಿ, ಎದೆಯ ಮೇಲೆ ಕೈ ಜೋಡಿಸಿಕೊಂಡು ಮಲಗಿದ. ಸದ್ದು ಬೀದಿ ನಡುವಿನ ಲೈಟ್ ಕಂಬದ ಹತ್ತಿರವೇ ನಿಂತಿತು, ಫಲಿತಾಂಶ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಸಾಸಿವೆ ಕೇಳಿಕೊಂಡು ಬಂದ ಎದುರುಮನೆಯಾಕೆ ಬಾಗಿಲಲ್ಲಿ ಇಣುಕಿದಳು. ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಮಲಗಿರುವವರನ್ನು ಕಂಡರೆ ನಮ್ಮ ಕಡೆ ಯಾರಾದರೂ ಏನು ತಿಳಿಯುತ್ತಾರೆ? "ಅಯ್ಯೋ, ಯಾವಾಗ ಹೋದ್ರು," ಎಂದು ಎದೆ ಬಡಿದುಕೊಂಡಳು. ಮಾವ ನಿಲುಗಡೆಯಲ್ಲಿದ್ದ. ನಾನು ಓಡಿ ಬರುವಷ್ಟರಲ್ಲಿ ಹೆಣ "ಘರ್ರಕ್" ಎಂದಿತು. ಆಕೆ ಬಿಟ್ಟು ಓಡಿದ ಬಟ್ಟಲು ನಮ್ಮ ಮನೆಯಲ್ಲೇ ಉಳಿಯಿತು. ಅತ್ತೆ ಮಾತ್ರ ನಗಲಿಲ್ಲ, ಆ ಬಟ್ಟೆ ಬಿಚ್ಚಿ ಒಲೆಗೆ ಹಾಕಿದಳು.

ಎರಡನೆಯದನ್ನು ತಂದುಕೊಟ್ಟವನು ನಮ್ಮಪ್ಪ. ಕಣ ತುಳಿಯುವ ಎತ್ತು ತೆನೆಗೆ ಬಾಯಿ ಹಾಕದಿರಲಿ ಎಂದು ಮೂತಿಗೆ ಒಂದು ಹಗ್ಗದ ಬುಟ್ಟಿ ಕಟ್ಟುತ್ತಾರಲ್ಲ, ಬಾಯಿಕುಕ್ಕೆ, ಅದು. "ಒಳಗೆ ಹತ್ತಿ ತುಂಬಿ ಕಟ್ಕೋ ಭಾವ. ನಮ್ಮೆತ್ತು ಇದನ್ನ ಕಟ್ಕೊಂಡು ಒಂದಿನಾನೂ ಗೊರಕೆ ಹೊಡ್ದಿಲ್ಲ," ಎಂದ ಅಪ್ಪ, ಗಂಭೀರವಾಗಿ. ಮಾವನೂ ಗಂಭೀರವಾಗಿಯೇ ಕಟ್ಟಿಕೊಂಡ. ಹತ್ತಿ ಮೂಗಿಗೆ ಹೋಗಿ ಸೀನು, ಸೀನಿನ ಬೆನ್ನಿಗೇ ಗೊರಕೆ. ನಾನು ಸೋಡಾ ಅಂಗಡಿ ದಾಟಿ ಮೇನ್ ರೋಡಿಗೆ ಬಂದರೂ ಕೇಳುತ್ತಿತ್ತು. ಕುಕ್ಕೆ ವಾಪಸು ಎತ್ತಿಗೇ ಹೋಯಿತು. ಹೆಸರು ಮಾತ್ರ ನಮ್ಮಲ್ಲಿ ಉಳಿದು, ಆಮೇಲೆ ಮಾವ ಮುಖಕ್ಕೆ ಏನು ಕಟ್ಟಿಕೊಂಡರೂ ಅದು ಬಾಯಿಕುಕ್ಕೆಯೇ ಆಯಿತು.

ಮೂರನೆಯದು ಗುಬ್ಬಿ ಸಂತೆಯಲ್ಲಿ ಸಿಕ್ಕಿತು. ತಕ್ಕಡಿ ತಪಾಸಣೆಗೆಂದು ಸಾಹೇಬರ ಜೊತೆ ಹೋದ ಮಾವ ಗುಜರಿಯವನ ಹತ್ತಿರ ವಿಷಗಾಳಿ ತಡೆಯುವ ಒಂದು ಮಿಲ್ಟ್ರಿ ಮಾಸ್ಕು ಕೊಂಡು ತಂದ. ಕಪ್ಪು ರಬ್ಬರು, ಎರಡು ಗಾಜಿನ ಕಣ್ಣು, ಮೂಗಿನಿಂದ ಇಳಿಬಿದ್ದ ಉದ್ದ ಪೈಪು. ಅತ್ತೆ ಮೇಲಿಂದ ಕೆಳಗೆ ನೋಡಿ, "ಗಣಪತಿ ಆದ್ರಿ. ಒಂದು ಇಲೀನೂ ತಂದುಬಿಡಿ," ಎಂದಳು. ಮಾವ ಪೈಪಿನ ತುದಿಯನ್ನು ಪಕ್ಕದ ಕಿಟಕಿಯಿಂದ ಆಚೆಗೆ ಬಿಟ್ಟು ಮಲಗಿದ. ನಡುಮನೆ ತಣ್ಣಗಾಯಿತು! ಹೊಸ್ತಿಲು ದಾಟುವ ಮುಂಚೆಯೇ ನನ್ನ ಕೆಲಸ ಮುಗಿದಿತ್ತು. ಮಾವನ ಬುದ್ಧಿಗೆ ಮೆಚ್ಚಿ ತಲೆದೂಗುತ್ತಿದ್ದೆ, ಅಷ್ಟರಲ್ಲಿ ಓನರ ಮನೆಯೊಳಗಿಂದ ಕೂಗು ಬಂತು: "ಯಾರ್ಲಾ ಅದು, ನಮ್ಮ ಹಾಲ್‌ನಾಗೆ ಮಲಗಿರೋದು?" ನಮ್ಮ ಕಿಟಕಿಗೂ ಅವರ ಹಾಲಿನ ಕಿಟಕಿಗೂ ಮಧ್ಯೆ ಇದ್ದದ್ದು ಒಂದೇ ಮೊಳ ಎಂಬುದನ್ನು ಮಾವ ಅಳೆದಿರಲಿಲ್ಲ.

ಓನರು ಕೊಟ್ಟ ತಿಂಗಳು ಮುಗಿಯುತ್ತಾ ಬಂತು. ಅತ್ತೆ ಸಾರಿಗೆ ಎರಡು ಸಲ ಉಪ್ಪು ಹಾಕುವಳು, ನಲ್ಲಿ ನಿಲ್ಲಿಸಲು ಮರೆಯುವಳು. ಮಾವನಿಗೆ ಕೂತಲ್ಲಿ ಕೂರಲಾಗದು. ಕೊನೆಯ ಭಾನುವಾರ ಒಂದು ಮಡಕೆಗೆ ತೆಂಗಿನ ನಾರು ಗಿಡಿದು ತುಂಬಿ, ಅದೇ ಮಾಸ್ಕಿನ ಪೈಪನ್ನು ಅದರೊಳಕ್ಕೆ ಇಳಿಸಿ, ಮಡಕೆಯ ಬಾಯಿಗೆ ಒದ್ದೆ ಗೋಣಿ ಸುತ್ತಿದ. ನಾರು ಓನರ ಮಂಡಿಯದೇ. ತೀರ್ಪು ಹೇಳಲು ಅವರೂ ಬಂದು ಕುರ್ಚಿ ಹಾಕಿಕೊಂಡು ಕೂತರು.

ಮಾವ ಮಲಗಿದ. ಸದ್ದಿಲ್ಲ. ಓನರು ತಮ್ಮ ಮನೆ ಕಡೆಗೂ ಹೋಗಿ ಗೋಡೆಗೆ ಕಿವಿಯಿಟ್ಟು ಬಂದರು, ಮುಖವೆಲ್ಲ ಅರಳಿತ್ತು. "ಅಮ್ಮಾ, ಇನ್ನು ನೀವಾಗಿ ಹೋಗ್ತೀವಿ ಅನ್ನೋ ತನಕ ಇಲ್ಲೇ ಇರಿ. ನಾನು ಸೊಲ್ಲೆತ್ತಲ್ಲ," ಎಂದರು. ನಾನು ಕುಣಿಯುವುದೊಂದು ಬಾಕಿ. ಅತ್ತೆಯನ್ನು ನೋಡಿದರೆ ಅವಳು ಈ ಮಾತು ಕೇಳಿಸಿಕೊಂಡೇ ಇಲ್ಲ. ಮಾವನ ಪಕ್ಕ ಕೂತು ಅವನ ಎದೆಯ ಮೇಲೆ ಅಂಗೈ ಇಟ್ಟಿದ್ದಾಳೆ, ತೆಗೆದು ಹೊಟ್ಟೆಯ ಮೇಲೆ ಇಡುತ್ತಾಳೆ, ಮತ್ತೆ ಎದೆಗೆ ತರುತ್ತಾಳೆ. ಇದ್ದಕ್ಕಿದ್ದಂತೆ ಎರಡೂ ಕೈ ಹಾಕಿ ಮಾಸ್ಕನ್ನು ಕಿತ್ತೆಸೆದಳು. ಮಾವನ ಮುಖ ಕಪ್ಪಿಟ್ಟಿತ್ತು. ಅವನನ್ನು ಹಿಡಿದು ಅಲ್ಲಾಡಿಸಿದಳು. "ಘರ್ರಕ್" ಎಂದು ಉಸಿರೆಳೆದುಕೊಂಡು ಕಣ್ಣು ಬಿಟ್ಟ.

"ಯಾಕಮ್ಮ ತೆಗುದ್ರಿ? ಚೆನ್ನಾಗಿತ್ತಲ್ಲ," ಎಂದರು ಓನರು.

"ಮನೆ ಖಾಲಿ ಮಾಡ್ತೀವಿ," ಎಂದಳು ಅತ್ತೆ.

ಮಾವ ಎದ್ದು ಕೂತ. "ಏನೇ ಅಂತಿದೀಯ? ನಲ್ಲಿ ಇಲ್ವೇನೇ ಇಲ್ಲಿ?"

"ನಲ್ಲಿ ಹಾಳಾಗೋಗ್ಲಿ. ನಿಮ್ಮ ಸದ್ದು ಕೇಳ್ತಾ ಇದ್ರೆ ನಾನು ಮಲಗ್ತೀನಿ. ನಿಂತ್ರೆ ಎದ್ದು ನಿಮ್ಮನ್ನ ಅಲ್ಲಾಡಿಸ್ತೀನಿ, ಮತ್ತೆ ಶುರುವಾದ್ರೆ ಮಲಗ್ತೀನಿ. ಮದ್ವೆ ಆದಾಗ್ಲಿಂದ ಹಿಂಗೇ ನಡ್ದೈತೆ. ಈ ಕುಕ್ಕೆ ಕಟ್ಕೊಂಡು ಸದ್ದೇ ಇಲ್ಲ ಅಂದ್ರೆ, ಉಸಿರು ನಿಂತಿದ್ದು ನಂಗೆ ಹೆಂಗೆ ಗೊತ್ತಾಗ್ಬೇಕು?"

ಓನರು ಕುರ್ಚಿ ಎತ್ತಿಕೊಂಡು ಸದ್ದಿಲ್ಲದೆ ಹೊರಟುಹೋದರು. ಮಾವನಿಗೆ ಇದು ಗೊತ್ತೇ ಇರಲಿಲ್ಲ, ನಿದ್ದೆಯಲ್ಲಿದ್ದವನಿಗೆ ಹೇಗೆ ಗೊತ್ತಿರಬೇಕು? ಅವಳನ್ನೇ ನೋಡುತ್ತಾ ಕೂತ. ಇಷ್ಟು ದಿನ ನನ್ನ ನಿದ್ದೆ ಹೋಯಿತೆಂದು ಗೊಣಗುತ್ತಿದ್ದ ನನಗೆ ಅಳು ಬಂತು.

ಮರಳೂರಿನಲ್ಲೇ ಒಂದು ಒಂಟಿ ಮನೆ ಹಿಡಿದೆವು. ಸುತ್ತ ಖಾಲಿ ಸೈಟು, ನಲ್ಲಿ ಇಲ್ಲ. ಬೆಳಕು ಹರಿಯುವ ಮುಂಚೆ ಮಾವನೇ ಎದ್ದು ಬೋರ್‌ವೆಲ್ಲಿನಿಂದ ನೀರು ತಂದು ತುಂಬತೊಡಗಿದ. ತುಂಬಿಯಾದ ಮೇಲೂ ಮಲಗುತ್ತಿರಲಿಲ್ಲ, ಜಗುಲಿಯ ಮೇಲೆ ತೂಕಡಿಕೆ ತಡೆದುಕೊಂಡು ಸುಮ್ಮನೆ ಕೂತಿರುತ್ತಿದ್ದ. ನನಗೆ ನೋಡಿ ನೋಡಿ ಸಾಕಾಯಿತು.

"ನೀರು ತಂದಾಯ್ತಲ್ಲ ಮಾವ, ಇನ್ನೊಂದು ಗಳಿಗೆ ಮಲಗಬಾರ್ದಾ?" ಎಂದೆ ಒಂದು ದಿನ.

"ಮೆತ್ತಗೆ ಮಾತಾಡೇ," ಎಂದ ಮಾವ, ಒಳಗೆ ಮಲಗಿದ್ದ ಅತ್ತೆಯ ಕಡೆ ನೋಡುತ್ತಾ. "ನಾನು ಎದ್ದಿದ್ರೆ ತಾನೇ ಅವ್ಳು ನಿದ್ದೆ ಮಾಡೋದು."