ಏಣಿ ನಂಬರ್ ಎರಡು

ಸವದತ್ತಿಯ ಕಚೇರಿಯೊಂದಕ್ಕೆ ಬಣ್ಣ ಹಚ್ಚುವ ಗುತ್ತಿಗೆದಾರನು, ಮೊದಲ ಡಬ್ಬಿಯ ಮುಚ್ಚಳ ತೆಗೆಯುವ ಮುನ್ನವೇ ತನ್ನ ಕೆಲಸಗಾರರಿಗೂ ಸಲಕರಣೆಗಳಿಗೂ ವಿಮೆ ಮಾಡಿಸತಕ್ಕದ್ದು. ವಿಮೆ ಇಲ್ಲದವನನ್ನು ಗೇಟಿನೊಳಗೆ ಬಿಡತಕ್ಕದ್ದಲ್ಲ.

ಈ ಷರತ್ತನ್ನು ಓದಿ ಸಂತೋಷಪಟ್ಟ ಏಕೈಕ ವ್ಯಕ್ತಿ ಮುನವಳ್ಳಿಯ ಗುತ್ತಿಗೆದಾರ ಶಂಕರೆಪ್ಪ. ಕಾರಣ, ಸಂಗಪ್ಪ.

ಸಂಗಪ್ಪನಿಗೆ ಅರವತ್ತೊಂದು ವರ್ಷ. ಏಣಿ ಮುಗಿದಲ್ಲಿ ಅವನ ಕೆಲಸ ಆರಂಭ. ಏಣಿಯ ಮೇಲೆ ಅವನು, ಅವನ ಹೆಗಲ ಮೇಲೆ ಬ್ರಷ್ ಹಿಡಿದ ರೇಣು. ಇದು ತಂಡದ ಕ್ರಮ. ಹೋದ ವರ್ಷ ಸಾಲಹಳ್ಳಿಯಲ್ಲಿ ಏಣಿ, ಸಂಗಪ್ಪ, ರೇಣು ಮೂರೂ ಕೂಡಿ ಬಿದ್ದಾಗ ಮುರಿದದ್ದು ಸಂಗಪ್ಪನ ಕಾಲು ಮಾತ್ರ. ಅಂದಿನಿಂದ ಶಂಕರೆಪ್ಪನಿಗೆ ಸರಿಯಾಗಿ ನಿದ್ದೆ ಇಲ್ಲ.

ವಿಮಾ ಪ್ರತಿನಿಧಿ ಮುಕುಂದ ಮೂರು ಪಾಲಿಸಿಗಳನ್ನು ಹರಡಿದರು.

"ಇದರಾಗ ದಾರಿ ಹಿಡದು ಹೋಗೋರ ಮ್ಯಾಲೆ ಬಣ್ಣ ಬಿದ್ರ ಪರಿಹಾರ ಐತ್ರಿ. ಆದ್ರ ಅವರು ಮೊದಲ ಲಿಖಿತ ಅರ್ಜಿ ಕೊಟ್ಟಿರಬೇಕು."

"ಅದೆಲ್ಲಾ ಬಿಡ್ರಿ ಸಾಹೇಬ್ರ. ನಮ್ಮ ಸಂಗಪ್ಪ ಕಾಕಾ ಬಿದ್ರ ಯಾವುದ್ರಾಗ ಐತಿ?"

"ಅರವತ್ತು ದಾಟಿದ ಮನಷ್ಯಾಗ ಯಾವುದ್ರಾಗೂ ಇಲ್ರಿ."

"ಅರವತ್ತು ದಾಟಿದ ಏಣಿಗೆ?"

"ಐತ್ರಿ! ಸಲಕರಣಿಗೆ ವಯಸ್ಸಿನ ಮಿತಿ ಇಲ್ಲ."

ಇಬ್ಬರೂ ಬಾಗಿಲ ಬಳಿ ಕೂತಿದ್ದ ಸಂಗಪ್ಪನ ಕಡೆ ತಿರುಗಿದರು.

"ನನ್ನ್ಯಾಕ ನೋಡ್ತೀರಿ?" ಎಂದ ಸಂಗಪ್ಪ.

ಪಾಲಿಸಿಯ ನಿಯಮ ನಾಲ್ಕರ ಪ್ರಕಾರ, ಮೇಲೆ ಹತ್ತಿ ನಿಂತು ಕೆಲಸ ಮಾಡಲು ಬಳಸುವಂಥದ್ದೆಲ್ಲ ಏಣಿಯೇ. ಮರುದಿನ ವಿಮಾ ಕಂಪನಿಯ ಪರಿಶೀಲಕರು ಬಂದು ಸಂಗಪ್ಪನನ್ನು ಗೋಡೆಗೆ ಒರಗಿಸಿ ಅಳೆದರು. ರೇಣುವನ್ನು ಹತ್ತಿಸಿ ಭಾರ ಪರೀಕ್ಷಿಸಿದರು. ವರದಿ ಹೀಗಿತ್ತು: "ಏಣಿ ನಂಬರ್ ಎರಡು. ಉದ್ದ ಐದೂವರೆ ಅಡಿ. ಎಡಗಾಲು ದುರಸ್ತಿಯಾಗಿದೆ. ಮಾತಾಡುತ್ತದೆ. ಬಳಕೆಗೆ ಯೋಗ್ಯ."

ಪಾಲಿಸಿಯ ಜೊತೆಗೆ ನಿರ್ವಹಣಾ ಸೂಚನೆಗಳೂ ಬಂದವು. ಏಣಿಯನ್ನು ಬಿಸಿಲಿನಲ್ಲಿ ಬಿಡತಕ್ಕದ್ದಲ್ಲ. ಎರಡು ಗಂಟೆಗೊಮ್ಮೆ ನೆರಳಿನಲ್ಲಿ ಒರಗಿಸತಕ್ಕದ್ದು. ಮುರಿದರೆ ಪೂರ್ತಿ ದುರಸ್ತಿ ಕಂಪನಿಯದು.

ಸಂಗಪ್ಪ ಎರಡು ಸಲ ಓದಿಸಿ ಕೇಳಿದ. "ನಲವತ್ತು ವರ್ಷ ಮನಷ್ಯಾ ಆಗಿ ದುಡದೇನಿ. ಇವನ್ನ ನೆರಳಾಗ ಕುಂದ್ರಸ್ರಿ ಅಂತ ಯಾರೂ ಬರದಿದ್ದಿಲ್ಲ ನೋಡ್ರಿ."

ಶಂಕರೆಪ್ಪ ಸಹಿ ಹಾಕಿದ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಕೆಲಸ ಶುರುವಾಯಿತು. ಎರಡು ಗಂಟೆ ಕಳೆಯುತ್ತಲೇ ಏಣಿ ನಂಬರ್ ಎರಡು ಬೇವಿನ ಗಿಡಕ್ಕೆ ಒರಗಿ ಚಹಾ ಕುಡಿಯಿತು. ಮೂವತ್ತು ವರ್ಷದ ರೇಣುವಿಗೆ ಮನುಷ್ಯರ ಪಟ್ಟಿಯಲ್ಲಿ ವಿಮೆ ಇತ್ತು, ನೆರಳು ಇರಲಿಲ್ಲ. ಅವನು ಬಿಸಿಲಿನಿಂದ ಇಳಿದು ಬಂದು, ತನ್ನನ್ನು ಬಕೆಟ್ ಎಂದು ನಮೂದಿಸಬೇಕೆಂದು ಮುಕುಂದರಿಗೆ ಅರ್ಜಿ ಕೊಟ್ಟ.

"ಸ್ವಲ್ಪ ತಡೀಪಾ," ಎಂದರು ಮುಕುಂದ. "ಕಚೇರಿಯವರೆಲ್ಲಾ ಕುರ್ಚಿ ಅಂತ ಅರ್ಜಿ ಹಾಕ್ಯಾರ. ಮೊದಲ ಅವರದು ಮುಗೀಲಿ."