ಮಾವನ ಸೈಕಲ್ಲಿಗೆ ನ್ಯಾಯವಾದ ಬೆಲೆ

ನನ್ನ ಸೋದರಮಾವನಷ್ಟು ನ್ಯಾಯವಂತ ಮನುಷ್ಯ ಹೊನ್ನಾವರದಲ್ಲಿ ಇನ್ನೊಬ್ಬನಿರಲಿಲ್ಲ. ಅದು ಊರಿನ ಪುಣ್ಯ! ಅಂಥವರು ಇನ್ನೂ ನಾಲ್ಕು ಜನ ಇದ್ದಿದ್ದರೆ ಪೇಟೆಯ ಅಂಗಡಿಕಾರರೆಲ್ಲ ಬಾಗಿಲು ಮುಚ್ಚಿ ಸನ್ಯಾಸ ತೆಗೆದುಕೊಳ್ಳುತ್ತಿದ್ದರು. ಒಮ್ಮೆ ಕಲ್ಲಂಗಡಿ ಕೊಂಡು ಮನೆಯಲ್ಲಿ ಕೊಯ್ದು ತಿಂದ ಮೇಲೆ, ಕೊಟ್ಟ ದುಡ್ಡಿಗಿಂತ ಹೆಚ್ಚು ಸಿಹಿಯಾಗಿದೆ ಎಂದು ಇನ್ನೆರಡಾಣೆ ಕೊಡಲು ಉರಿಬಿಸಿಲಲ್ಲಿ ಮತ್ತೆ ಪೇಟೆಗೆ ಹೋದವನು ಇವನು. ಮುಂದಿನ ವಾರ ಇವನು ಬರುವುದನ್ನು ಕಂಡು ಆ ಅಂಗಡಿಯವನು ಹಣ್ಣಿನ ರಾಶಿಯ ಹಿಂದೆ ಅಡಗಿ ಕುಳಿತನಂತೆ!

ಇಂಥವನ ಕೈಗೆ ಮಾರಬೇಕಾದ ಸೈಕಲ್ಲೊಂದು ಸಿಕ್ಕಿದರೆ ಏನಾದೀತು?

ಅರವತ್ತರ ದಶಕದ ಆರಂಭ. ನಾನು ಆಗಷ್ಟೇ ಲೆಕ್ಕದ ಮಾಸ್ತರನಾಗಿ ಸೇರಿ ಮಾವನ ಮನೆಯಲ್ಲೇ ಉಳಿದಿದ್ದೆ. ಶರಾವತಿಗೆ ಇನ್ನೂ ಸೇತುವೆ ಇರಲಿಲ್ಲ. ಕಾಸರಕೋಡಿನಿಂದ ದೋಣಿಯಲ್ಲಿ ಬರುವಾಗ ಮಾವನ ಹಳೆಯ ಸೈಕಲ್ಲು ಜಾರಿ ಹೊಳೆಗೆ ಬಿತ್ತು. ಅವನು ಊಟ ಬಿಟ್ಟು ಕುಳಿತದ್ದನ್ನು ನೋಡಲಾರದೆ ಅತ್ತೆ ಹೊಸದೊಂದನ್ನು ಕೊಡಿಸಿದಳು. ಅಂಗಳದ ಮಲ್ಲಿಗೆಯ ದಂಡೆ ಕಟ್ಟಿ ಮಾರಿ, ಹೊಲಿಗೆ ಮೆಶಿನ್ನಿಗೆಂದು ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಅದು. ಮಳೆಗಾಲ ಕಳೆದು ನೋಡುತ್ತೇವೆ, ಮಾವಿನಕುರ್ವೆಯ ಮೀನುಗಾರರ ಬಲೆಯಲ್ಲಿ ಹಳೆಯ ಸೈಕಲ್ಲು! ತುಕ್ಕು ಹಿಡಿದು ಕೆಂಪಾಗಿತ್ತು. ಹತ್ತಿದರೆ ಊರಿಗೆಲ್ಲ ಕೇಳುವಂತೆ ಅಳುತ್ತಿತ್ತು. ಮಾವ ಮಾತ್ರ ಕಳೆದುಹೋದ ಮಗ ಸಿಕ್ಕಿದಂತೆ ಅದನ್ನು ತಬ್ಬಿಕೊಂಡ.

"ಒಬ್ಬ ಮನುಷ್ಯಂಗೆ ಎರಡು ಸೈಕಲ್ಲು ಅನ್ಯಾಯ" ಎಂದು ಘೋಷಿಸಿದ.

"ಹಂಗಾರೆ ಹೊಸದನ್ನ ಮಾರಿ. ನನ್ನ ಮೆಶಿನ್ನಾದ್ರೂ ಬರ್ಲಿ" ಎಂದಳು ಅತ್ತೆ.

"ಮಾರ್ತಿ. ಆದ್ರೆ ನ್ಯಾಯವಾದ ಬೆಲೆಗೆ."

ಮೊದಲ ಕೆಲಸ ಬೆಲೆ ತಿಳಿಯುವುದು. ಮಾವ ಆ ಹೊಸ ಸೈಕಲ್ಲನ್ನೇ ಹತ್ತಿ ಕುಮಟೆಗೆ ಹೋಗಿ ಕೇಳಿದ. ಮರುದಿನ ಅದನ್ನು ತಬ್ಬಿಕೊಂಡೇ ಹೊಳೆ ದಾಟಿ ಭಟ್ಕಳಕ್ಕೆ ಹೋಗಿ ಕೇಳಿದ. ಕುಮಟೆಯವರು ಹೆಚ್ಚು ಹೇಳಿದರು, ಭಟ್ಕಳದವರು ಕಡಿಮೆ ಹೇಳಿದರು. ಹೊನ್ನಾವರ ಕುಮಟೆಗೆ ಹತ್ತಿರ. ಆದ್ದರಿಂದ ಬೆಲೆಯೂ ಕುಮಟೆಗೆ ಹತ್ತಿರ ಇರಬೇಕಲ್ಲವೆ? ಮೈಲಿಗೆ ಇಷ್ಟೆಂದು ಭಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಶಿಸ್ತಾಗಿ ಲೆಕ್ಕ ಮಾಡಿ ಉತ್ತರದ ಕೆಳಗೆ ಗೆರೆ ಎಳೆದು ಕೊಟ್ಟೆ. ಮಾವ ಗೆರೆಯನ್ನೇ ನೋಡುತ್ತ ಕುಳಿತ.

"ಅಲ್ದಾ, ಬೆಲೆ ಕೇಳಲೆ ಹೋಗಿಬಂದಿದ್ರಲ್ಲಿ ಟೈರು ಸವೆದ್ದಲಾ! ಅದನ್ನ ಕಳೆಯವು."

ಬೆಲೆ ತಿಳಿಯಲು ಹೋದದ್ದರಿಂದಲೇ ಬೆಲೆ ಇಳಿದಿತ್ತು!

ಮೊದಲ ಗಿರಾಕಿ ನಮ್ಮ ಶಾಲೆಯ ಡ್ರಿಲ್ ಮಾಸ್ತರರು. ಮಾವ ಜೀವಮಾನದಲ್ಲಿ ಮಾರಿದ್ದು ಎತ್ತುಗಳನ್ನು ಮಾತ್ರ. ಹಾಗಾಗಿ ಸೈಕಲ್ಲಿಗೂ ದನದ ವ್ಯಾಪಾರದಂತೆ ಟವೆಲಿನ ಅಡಿಯಲ್ಲಿ ಬೆರಳು ಹಿಡಿದೇ ಬೆಲೆ ಮಾತಾಡಬೇಕೆಂದ. ಮಾಸ್ತರರು ಕೈ ತೂರಿಸಿದರು. ಮಾವ ನಾಲ್ಕು ಬೆರಳು ಒತ್ತಿದ. ಇಷ್ಟು ಅಗ್ಗಕ್ಕೆ ಯಾರಾದರೂ ಕೊಡುತ್ತಾರೆಯೆ ಎಂದು ಗಾಬರಿಯಾದ ಮಾಸ್ತರರು ತಾವಾಗಿಯೇ ಐದು ಬೆರಳು ಹಿಡಿದರು. ಪಾಪ, ಇವರಿಗೆ ಮೋಸವಾಗುತ್ತಿದೆ ಎಂದು ಮಾವ ಮೂರಕ್ಕೆ ಇಳಿದ! ಕೊಳ್ಳುವವನು ಏರುತ್ತಿದ್ದಾನೆ, ಮಾರುವವನು ಇಳಿಯುತ್ತಿದ್ದಾನೆ! ಕೊನೆಗೆ ಮಾಸ್ತರರು ಕೈ ಕಿತ್ತುಕೊಂಡರು.

"ಖರೆ ಹೇಳಿ ಮಾರಾಯ್ರೆ, ಈ ಸೈಕಲ್ಲು ಯಾರ ಮನೇದು?"

ಹೀಗೆ ಕೇಳಿ ಹೋದವರು ಮತ್ತೆ ನಮ್ಮ ಓಣಿಗೆ ಬರಲಿಲ್ಲ.

ಎರಡನೆಯ ಗಿರಾಕಿ ಗೇರುಸೊಪ್ಪೆಯ ಕಿರಾಣಿ ಅಂಗಡಿಯವನು. ಈ ಸಲ ಅತ್ತೆ ಉಪಾಯ ಮಾಡಿದಳು. ಎಲೆ, ಅಡಿಕೆ, ಸುಣ್ಣ, ತಂಬಾಕು ಎಲ್ಲ ಸೇರಿಸಿ ಮುಷ್ಟಿಗಾತ್ರದ ಕವಳ ಕಟ್ಟಿ ಮಾವನ ಬಾಯಿಗೆ ತುರುಕಿದಳು. "ಅವ ಹೋಪಲ್ಲಿವರೆಗೆ ಉಗಿಯಲಾಗ!" ಎಂದು ಆಜ್ಞೆ ಬೇರೆ. ಅಂಗಡಿಯವನು ಕೇಳಿದ್ದು ಒಂದೇ ಮಾತು: "ಸೈಕಲ್ಲು ಚಲೋ ಅದ್ಯಾ?"

ಮಾವನ ಕಣ್ಣಲ್ಲಿ ನೀರು ಬಂತು. ಬಾಯಿ ಬಿಡುವಂತಿಲ್ಲ. ಆದರೆ ನ್ಯಾಯ ಬಾಯಿಯಲ್ಲಿ ಮಾತ್ರ ಇರುತ್ತದೆಯೆ? ಹಿಂದಿನ ಚಕ್ರ ಓರೆಯಾದದ್ದನ್ನು ಸೊಂಟ ವಾಲಿಸಿ ತೋರಿಸಿದ. ಕುಮಟೆಗೆ ಬೆಲೆ ಕೇಳಲು ಹೋದಾಗ ಧಾರೇಶ್ವರದ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಿದ್ದದ್ದನ್ನು ವಿವರಿಸಲು ಅಂಗಳದ ಉದ್ದಕ್ಕೂ ಓಡಿಬಂದು ದೊಪ್ಪನೆ ನೆಲಕ್ಕೆ ಬಿದ್ದು, ಕೈಕಾಲು ಬಡಿದು, ಕೆಂಪು ಬಾಯಿ ತೆರೆದು ತೋರಿಸಿದ! ಅಂಗಡಿಯವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ಅಂದು ಅತ್ತೆ ಬೈಯಲಿಲ್ಲ. "ನಂಗೆ ಮೆಶಿನ್ನು ಬ್ಯಾಡ" ಎಂದಷ್ಟೇ ಹೇಳಿ ಮಲ್ಲಿಗೆ ಗಿಡಕ್ಕೆ ನೀರು ಹಾಕಲು ಹೋದಳು. ಮಾವ ಇನ್ನೊಂದು ಕೊಡ ನೀರು ಸೇದಿ ತಂದು ಅವಳ ಪಕ್ಕದಲ್ಲಿಟ್ಟ.

ಮರುವಾರ ಭಟ್ಕಳದ ವಯಸ್ಸಾದ ಟೇಲರೊಬ್ಬರು ಬಂದರು. ಮಾವನ ಸೈಕಲ್ ವ್ಯಾಪಾರದ, ಅತ್ತೆಯ ಮೆಶಿನ್ನಿನ ಸುದ್ದಿ ನಗೆಯ ಜೊತೆಗೆ ಅಲ್ಲಿಯವರೆಗೂ ಮುಟ್ಟಿತ್ತು. ತಮ್ಮ ಬಳಿ ಹೆಚ್ಚಿಗೆ ಇದ್ದ ಮೆಶಿನ್ನೊಂದನ್ನು ಬಸ್ಸಿನ ಮೇಲೆ, ದೋಣಿಯಲ್ಲಿ ಹೇರಿಕೊಂಡೇ ಬಂದಿದ್ದರು. ಇದಕ್ಕೆ ಅದು, ಅದಕ್ಕೆ ಇದು ಎಂದರು.

"ಬ್ರೇಕು ಸರಿ ಇಲ್ಲ" ಎಂದು ಮಾವ ಶುರುಮಾಡಿದ.

"ನಮ್ಮ ಮೆಶಿನ್ನೂ ದಪ್ಪ ಬಟ್ಟೆಗೆ ಹೊಲಿಗೆ ಬಿಡ್ತದೆ ಯಜಮಾನ್ರೆ."

"ಚಕ್ರ ಓರೆ ಇದೆ!"

"ಪೆಡಲಿನ ಪಟ್ಟಿ ಹರಿಯುವ ಹಂಗೆ ಅದೆ!"

ಮಾವನ ಮುಖ ಅರಳಿತು. ಕೊನೆಗೂ ವ್ಯಾಪಾರ ಬಲ್ಲ ಮನುಷ್ಯನೊಬ್ಬ ಸಿಕ್ಕಿದ್ದ! ಇಬ್ಬರೂ ಪೈಪೋಟಿಯಲ್ಲಿ ತಮ್ಮ ತಮ್ಮ ಸರಕನ್ನು ಹಳಿದುಕೊಂಡರು. ಹಳಿಯುವುದೆಲ್ಲ ಮುಗಿದ ಮೇಲೆ ಟವೆಲು ಮುಚ್ಚಿ ಕೈ ಹಿಡಿದರು. ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಮಾವ ಥಟ್ಟನೆ ಕೈ ಹಿಂದೆಗೆದ.

"ಇನ್ನೊಂದು ದೋಷ ಹೇಳಲಿಲ್ಲ. ಈ ಸೈಕಲ್ಲು ನನ್ನದಲ್ಲ."

ಟೇಲರರು ಮೆಶಿನ್ನನ್ನು ತಮ್ಮ ಕಡೆಗೆ ಎಳೆದುಕೊಂಡರು. ಮಾವ ಒಳಬಾಗಿಲಿನ ಕಡೆ ತಿರುಗಿದ. ಅಲ್ಲಿ ಅತ್ತೆ ನಿಂತಿದ್ದಳು.

"ಬೆಳಗಾಗೂದಕ್ಕೆ ಮೊದ್ಲೇ ಎದ್ದು ಮೊಗ್ಗು ಕೊಯ್ದವಳು ನೀನು. ನಾನು ಊರಿಗೆಲ್ಲ ನ್ಯಾಯ ಹೇಳ್ತಾ ಹೋದಿ. ನಿನ್ನ ಹತ್ರ ಒಂದು ಮಾತು ಕೇಳಿದ್ನಿಲ್ಲೆ. ಈಗ ನೀ ಹೇಳು. ಇದಕ್ಕೂ ಅದಕ್ಕೂ ಸಮ ಆತಾ?"

ಹೊರಗಿನವರ ಎದುರು ವ್ಯವಹಾರದ ಮಾತು ಆಡಿ ಗೊತ್ತಿಲ್ಲದ ಅತ್ತೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಜಗುಲಿಗೆ ಬಂದಳು. ಮೆಶಿನ್ನಿನ ಚಕ್ರವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ ನೋಡಿದಳು.

"ಸಮ ಆತು. ಸೂಜಿ ಎರಡು ಹೆಚ್ಚಿಗೆ ಕೊಡಲೆ ಅವ್ರಿಗೆ ಹೇಳಿ."

ಹೆಚ್ಚಿಗೆ! ಮಾವ ಬಾಯಿ ತೆರೆದ. ಅತ್ತೆಯ ಮುಖ ನೋಡಿದ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿ, ಟೇಲರರ ಮುಂದೆ ಬೊಗಸೆಯೊಡ್ಡಿ ಸೂಜಿ ಇಸಿದುಕೊಂಡು, ಚುಚ್ಚದಂತೆ ಜೋಪಾನವಾಗಿ ಅವಳ ಅಂಗೈಯಲ್ಲಿಟ್ಟ.